ಕಾಟೇಜ್ ಬುಕ್ ಮಾಡುವ ಮೊದಲು: ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಕುಟುಂಬಗಳಿಗೆ ಹಂತ ಹಂತವಾಗಿ

ಮೇ ತಿಂಗಳ ರಜೆ ಊರಿಗೆ ಮೀಸಲು. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಟಿಕೆಟ್ ಸಿಕ್ಕಿದರೆ ಸರಿ, ಇಲ್ಲದಿದ್ದರೆ ರಾತ್ರಿ ಬಸ್ಸು; ಹೇಗೂ ಹೋಗಲೇಬೇಕು. "ಎಲ್ಲಾದರೂ ಎರಡು ದಿನ ಹೋಗಿ ಬರೋಣ" ಎಂಬ ಮಾತು ನಮ್ಮ ಮನೆಗಳಲ್ಲಿ ಏಳುವುದು ದೀಪಾವಳಿ ಕಳೆದ ಮೇಲೆ. ಆಗ ಯಾರಾದರೊಬ್ಬರು ಫೋನಿನಲ್ಲಿ ಒಂದು ರೀಲ್ ತೋರಿಸುತ್ತಾರೆ. ತ್ರಿಕೋನಾಕಾರದ ಮರದ ಮನೆ, ಎದುರಿಗೆ ನೀರು, ಹಗ್ಗಕ್ಕೆ ತೂಗುಹಾಕಿದ ಹಳದಿ ದೀಪಗಳು, ಹಿನ್ನೆಲೆಯಲ್ಲಿ ಗಿಟಾರ್. ಜಾಗ ಕರ್ಜತ್ ಇರಬಹುದು, ಮುರ್ಬಾಡ್ ಇರಬಹುದು, ಪವನಾ ಅಣೆಕಟ್ಟಿನ ದಡ ಇರಬಹುದು. ಆ ರೀಲಿನಲ್ಲಿ ಪಾಯಿಖಾನೆ ಕಾಣುವುದಿಲ್ಲ, ಕೊನೆಯ ಎರಡು ಕಿಲೋಮೀಟರ್ ರಸ್ತೆ ಕಾಣುವುದಿಲ್ಲ, ಪಕ್ಕದ ಕ್ಯಾಂಪಿನ ಡಿಜೆ ಕೇಳಿಸುವುದಿಲ್ಲ. ಮೊದಲ ಸಲ ಹೀಗೆ ಹೊರಡುವವರು ಈ ಮೂರನ್ನೂ ಮನೆಯಲ್ಲಿ ಕುಳಿತೇ ಪತ್ತೆ ಮಾಡಬಹುದು.

ಹಂತ 1: ಮನೆಯವರ ಪಟ್ಟಿ ಮಾಡಿ

ಜಾಗ ಹುಡುಕುವ ಮೊದಲು ಬರುವವರನ್ನು ನೋಡಿ. ಹೆಚ್ಚು ಕಷ್ಟವಾಗುವುದು ಯಾರಿಗೋ, ಅವರಿಗೆ ಹೊಂದುವ ಜಾಗ ಉಳಿದವರಿಗೆ ಹೇಗೂ ಹೊಂದುತ್ತದೆ. ಅಜ್ಜಿಗೆ ಮೊಣಕಾಲು ನೋವಿದ್ದರೆ ಕಮೋಡ್ ಬೇಕು, ಅದೂ ಕೋಣೆಗೆ ಅಂಟಿಕೊಂಡೇ ಇರಬೇಕು, ಬಾಗಿಲಿಗೆ ಎರಡು ಮೆಟ್ಟಿಲಿಗಿಂತ ಹೆಚ್ಚಿರಬಾರದು. ತ್ರಿಕೋನ ಮನೆಗಳಲ್ಲಿ ನಾಲ್ವರಿಗೆ ಜಾಗ ಇದೆ ಎಂದರೆ ಸಾಮಾನ್ಯವಾಗಿ ಇಬ್ಬರಿಗೆ ಕೆಳಗೆ ಮಂಚ, ಇನ್ನಿಬ್ಬರಿಗೆ ಏಣಿ ಹತ್ತಿ ಅಟ್ಟದ ಮೇಲೆ ಹಾಸಿಗೆ. ಮೂರು ವರ್ಷದ ಮಗು ಇರುವ ಮನೆಯಲ್ಲಿ ಆ ಏಣಿ ಇಡೀ ರಾತ್ರಿಯ ಕಾವಲು ಕೆಲಸ. ಮಾವನಿಗೆ ಸಕ್ಕರೆ ಕಾಯಿಲೆ ಇದ್ದರೆ, ಬಾರ್ಬೆಕ್ಯೂ ನೆಪದಲ್ಲಿ ಹತ್ತೂವರೆಗೆ ಬಡಿಸುವ ಊಟ ಆಗುವುದಿಲ್ಲ. ಇನ್ಸುಲಿನ್ ಇಡಲು ಫ್ರಿಜ್ ಬೇಕು. ಕುಚ್ಚಲಕ್ಕಿ ಗಂಜಿ ಇಲ್ಲದೆ ಬೆಳಗಾಗದ ಹಿರಿಯರಿದ್ದರೆ ಅದನ್ನೂ ಬರೆದುಕೊಳ್ಳಿ. ಅಕ್ಕಿ ನೀವೇ ಒಯ್ದರೆ ಬೇಯಿಸಿ ಕೊಡುವ ಕಡೆಗಳಿವೆ, ಮೊದಲೇ ಕೇಳಬೇಕು ಅಷ್ಟೆ.

ಹಂತ 2: ದಿಕ್ಕು ಆರಿಸಿ

ಮೊದಲ ಪ್ರಯಾಣಕ್ಕೆ ಬಾಗಿಲಿನಿಂದ ಬಾಗಿಲಿಗೆ ಮೂರು ಗಂಟೆ ಸಾಕು. ನಮ್ಮ ನಾಲ್ಕು ಊರುಗಳೂ ಹತ್ತಿರವಿದ್ದರೂ ಹೊರಬೀಳುವ ದಾರಿಗಳು ಬೇರೆ ಬೇರೆ. ಡೊಂಬಿವಲಿಯಲ್ಲಿರುವ ಅಣ್ಣನಿಗೆ ಅನುಕೂಲವಾದ ಜಾಗ ಖಾರ್‌ಘರಿನ ತಮ್ಮನಿಗೆ ಅನುಕೂಲವಾಗಬೇಕೆಂದಿಲ್ಲ.

ಕಲ್ಯಾಣದವರಿಗೆ ಮುರ್ಬಾಡ್ ರಸ್ತೆ ಮನೆ ಮುಂದಿನ ದಾರಿ ಇದ್ದಂತೆ. ಮುರ್ಬಾಡ್, ಟೋಕಾವಡೆ ದಾಟಿ ಮಾಳಶೇಜ್ ಘಾಟಿಗೆ ಸುಮಾರು 90 ಕಿಲೋಮೀಟರ್. ಘಾಟಿಯ ಮೇಲೆ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ, ಅಂದರೆ ಎಂಟಿಡಿಸಿಯ ರೆಸಾರ್ಟ್ ಇದೆ. ನಾಸಿಕ್ ಕಡೆ ಹೊರಟರೆ ಶಹಾಪುರ, ಆಸನಗಾಂವ್, ಕಸಾರಾ. 2025ರ ಜೂನ್ 5ರಂದು ಸಮೃದ್ಧಿ ಹೆದ್ದಾರಿಯ ಕೊನೆಯ ತುಂಡು, ಇಗತ್‌ಪುರಿಯಿಂದ ಭಿವಂಡಿ ಹತ್ತಿರದ ಆಮಣೆವರೆಗಿನ 76 ಕಿಲೋಮೀಟರ್, ತೆರೆದುಕೊಂಡಿತು. ಕಸಾರಾ ಘಾಟಿಯಲ್ಲಿ ಲಾರಿಗಳ ಹಿಂದೆ ಏರುವ ತಾಪತ್ರಯವಿಲ್ಲದೆ ಈಗ ಸುರಂಗದೊಳಗಿಂದ ಇಗತ್‌ಪುರಿ ಸೇರಬಹುದು. ಭಂಡಾರದರಾ ಕೂಡ ಎರಡು ದಿನದ ಪ್ರವಾಸಕ್ಕೆ ಒಗ್ಗುವಷ್ಟು ಹತ್ತಿರ ಬಂದಿದೆ.

ಡೊಂಬಿವಲಿಯವರಿಗೆ ಕಾಟಯಿ-ಬದ್ಲಾಪುರ ರಸ್ತೆ ಹಿಡಿದು ವಾಂಗಣಿ, ನೇರಳ್, ಕರ್ಜತ್. ಕಾರಿಲ್ಲದವರಿಗೂ ಇದೇ ಒಳ್ಳೆಯ ದಿಕ್ಕು, ಏಕೆಂದರೆ ಕರ್ಜತ್ ಲೋಕಲ್ ಇದೆ. ಸ್ಟೇಷನ್ನಿನಿಂದ ಮುಂದಕ್ಕೆ ರಿಕ್ಷಾವನ್ನು ಕ್ಯಾಂಪಿನವರೇ ಕಳಿಸುತ್ತಾರೆಯೇ ಎಂದು ವಿಚಾರಿಸಿ. ಹಳ್ಳಿ ರಸ್ತೆಗೆ ಬರುವ ರಿಕ್ಷಾ ವಾಪಸು ಬಾಡಿಗೆಯನ್ನೂ ಸೇರಿಸಿಯೇ ದರ ಹೇಳುತ್ತದೆ.

ನವಿ ಮುಂಬಯಿಯವರಿಗೆ ಪನ್ವೇಲ್ ದಾಟಿದರೆ ಒಂದು ಕಡೆ ಖೋಪೋಲಿ, ಲೋಣಾವಳ, ಪವನಾ. ಇನ್ನೊಂದು ಕಡೆ ಪೇಣ್, ವಡಖಳ್ ಮೂಲಕ ಅಲಿಬಾಗ್, ನಾಗಾಂವ್, ಕಾಶಿದ್. ಥಾಣೆಯವರಿಗೆ ಬಾಗಿಲಲ್ಲೇ ಯೇವೂರ್ ಗುಡ್ಡ ಇದೆ ಎಂದು ಹೇಳುವವರು ಬಹಳ. ಬೆಳಗಿನ ನಡಿಗೆಗೆ ಯೇವೂರ್ ಚೆನ್ನ. ಆದರೆ ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು, ಚಿರತೆಯ ತಿರುಗಾಟದ ಜಾಗ, ಮೇಲಾಗಿ ವಾರಾಂತ್ಯದ ಬಂಗಲೆ ಪಾರ್ಟಿಗಳ ಗದ್ದಲಕ್ಕೆ ಹೆಸರಾದದ್ದು. ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ತಂಗಲು ನಾನಂತೂ ಹೇಳುವುದಿಲ್ಲ. ವಜ್ರೇಶ್ವರಿ, ವಾಡಾ ಕಡೆ ನೋಡಿ.

ಶಿಳ್‌ಫಾಟಾ ಮೂಲಕ ಹೋಗುವವರು ಶನಿವಾರ ಬೆಳಗ್ಗೆ ಆರಕ್ಕೆ ಮೊದಲು ಅದನ್ನು ದಾಟಿರಬೇಕು. ಎಂಟು ಗಂಟೆಗೆ ಹೊರಟವರ ಮೂರು ಗಂಟೆಯ ಪ್ರಯಾಣದಲ್ಲಿ ಒಂದೂವರೆ ಗಂಟೆ ಅಲ್ಲೇ ಕಳೆಯುತ್ತದೆ.

ಮಾಥೇರಾನ್ ಬಗ್ಗೆ ಪ್ರತ್ಯೇಕ ಮಾತು. ಅಲ್ಲಿ ಮೋಟಾರು ವಾಹನ ನಿಷಿದ್ಧ. ಕಾರನ್ನು ದಸ್ತೂರಿಯಲ್ಲಿ ಬಿಟ್ಟು ಮುಂದೆ ನಡಿಗೆ, ಕುದುರೆ, ಇ-ರಿಕ್ಷಾ, ಅಥವಾ ಅಮನ್ ಲಾಡ್ಜ್‌ನಿಂದ ಪುಟ್ಟ ರೈಲು. 1907ರಿಂದ ಓಡುತ್ತಿರುವ ಈ ರೈಲನ್ನು ನೇರಳ್‌ನಿಂದಲೇ ಹತ್ತುವುದಾದರೆ ಮಳೆಗಾಲದಲ್ಲಿ ಆ ಭಾಗ ನಿಲ್ಲುತ್ತದೆ ಎಂಬುದು ನೆನಪಿರಲಿ. ಸೈಕಲ್ ಕಲಿಯುವ ವಯಸ್ಸಿನ ಮಕ್ಕಳನ್ನು ರಸ್ತೆಯಲ್ಲಿ ಹೆದರಿಕೆಯಿಲ್ಲದೆ ಬಿಡಬಹುದಾದ ಜಾಗ ನಮ್ಮ ಸುತ್ತಮುತ್ತ ಇನ್ನೊಂದಿಲ್ಲ. ನಡೆಯಲಾಗದ ಹಿರಿಯರಿದ್ದರೆ ಮಾತ್ರ ರೈಲಿನ ಅಥವಾ ಇ-ರಿಕ್ಷಾದ ವೇಳೆಯನ್ನು ಮೊದಲೇ ತಿಳಿದುಕೊಂಡು ಹೊರಡಬೇಕು.

ನಾಲ್ಕು ದಿನ ಕೈಯಲ್ಲಿದ್ದರೆ ಊರ ದಾರಿಯನ್ನೇ ಹಿಡಿಯಬಹುದು. ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ 1980ರಲ್ಲಿ ಕಬಿನಿಯಿಂದ ಶುರುವಾದ ಸಂಸ್ಥೆ; ಕಾರವಾರದ ದೇವಬಾಗ್‌ನಲ್ಲಿ ಗಾಳಿಮರಗಳ ನಡುವೆ, ದಾಂಡೇಲಿಯಲ್ಲಿ ಕಾಳಿ ನದಿಯ ದಡದಲ್ಲಿ, ಹೆಬ್ರಿ ಹತ್ತಿರದ ಸೀತಾನದಿಯಲ್ಲಿ ಅದರ ಬಿಡಾರಗಳಿವೆ. ಮತ್ಸ್ಯಗಂಧ ಥಾಣೆ, ಪನ್ವೇಲ್‌ಗಳಲ್ಲಿ ನಿಂತು ಕಾರವಾರಕ್ಕೆ ಹೋಗುತ್ತದೆ. ಕಲ್ಯಾಣದವರು ಪುಣೆ, ಮೀರಜ್, ಬೆಳಗಾವಿ ದಾರಿಯ ಹುಬ್ಬಳ್ಳಿ ಗಾಡಿ ಹಿಡಿದು ಅಳ್ನಾವರದಲ್ಲಿ ಇಳಿದರೆ ದಾಂಡೇಲಿ ಹತ್ತಿರ. ಕನ್ನಡದಲ್ಲೇ ಜಗಳವಾಡಿ ಇನ್ನೊಂದು ಕಂಬಳಿ ಕೇಳಬಹುದು ಎನ್ನುವುದೂ ಒಂದು ಸುಖ.

ಹಂತ 3: ತಿಂಗಳು ನೋಡಿ

ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಕಣ್ಣು ಮುಚ್ಚಿ ಹೊರಡಿ. ರಾತ್ರಿ ಸ್ವೆಟರ್ ಬೇಕಾಗುತ್ತದೆ; ಭಂಡಾರದರಾ ಕಡೆಯಾದರೆ ಎರಡು ಬೇಕು.

ಮಾರ್ಚ್ ನಂತರ ಕರ್ಜತ್, ಬದ್ಲಾಪುರ, ಮುರ್ಬಾಡ್‌ಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಮಾಡಿನ ಕಾಟೇಜಿನಲ್ಲಿ ಮಧ್ಯಾಹ್ನ ಕೂರಲಾಗುವುದಿಲ್ಲ, ಟೆಂಟಿನ ಮಾತಂತೂ ಬೇಡ. ಮೇ ಕೊನೆಯಿಂದ ಜೂನ್ ಮೊದಲ ವಾರಗಳವರೆಗೆ, ಮಳೆಗೆ ಸ್ವಲ್ಪ ಮುಂಚೆ, ಭಂಡಾರದರಾ ಮತ್ತು ಪುರುಷವಾಡಿಯಲ್ಲಿ ಮರಗಳಿಗೆ ಮಿಂಚುಹುಳು ಮುತ್ತುತ್ತವೆ. ಅದಕ್ಕೆಂದೇ ಹೋಗುವವರು ಟಾರ್ಚು, ಫ್ಲ್ಯಾಶ್ ಚೀಲದಲ್ಲೇ ಇಡಿ. ಬೆಳಕು ಬಿದ್ದ ಕಡೆ ಹುಳುಗಳ ಸಂಕೇತ ಕೆಡುತ್ತದೆ, ಆ ಸಂಕೇತದಿಂದಲೇ ಅವು ಜೋಡಿ ಹುಡುಕುವುದು.

ಮಳೆಗಾಲದ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸುವುದಿಲ್ಲ. ಹಸಿರು, ಜಲಪಾತ, ಮಂಜು ಎಲ್ಲ ನಿಜ. ಮೊದಲ ಸಲ ಹೊರಡುವ ಕುಟುಂಬ ಜುಲೈ ತಿಂಗಳನ್ನು ಬಿಟ್ಟುಬಿಡಬೇಕು. 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಲ್ಲಿ ನಿಂತುಬಿಟ್ಟದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಸಾವಿರ ಜನರನ್ನು ದೋಣಿಗಳಲ್ಲಿ ಕರೆತಂದರು. "ರಿವರ್‌ಸೈಡ್" ಎಂದು ಬರೆದುಕೊಂಡ ಎಷ್ಟೋ ಜಾಗಗಳು ಅದೇ ನದಿಯ ದಡದಲ್ಲಿವೆ. 2023ರ ಜುಲೈ 19ರ ರಾತ್ರಿ ಖಾಲಾಪುರ ತಾಲ್ಲೂಕಿನ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನೀರು ಏರಿದ್ದು ಕೆಲವೇ ನಿಮಿಷಗಳಲ್ಲಿ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಜಲಪಾತಗಳಿಗೆ ನಿಷೇಧಾಜ್ಞೆ ಹೊರಡಿಸುವುದು ಇದಕ್ಕೇ. ಹೋಗಲೇಬೇಕೆಂದಿದ್ದರೆ ಸೆಪ್ಟೆಂಬರ್ ಕೊನೆಗೆ ಹೋಗಿ. ಹಸಿರು ಇನ್ನೂ ಇರುತ್ತದೆ, ಮಳೆಯ ಜೋರು ಇಳಿದಿರುತ್ತದೆ.

ಹಂತ 4: ಯಾವ ಬಗೆಯ ಬಿಡಾರ

ಟೆಂಟ್ ಅಗ್ಗ, ಆದರೆ ಪಾಯಿಖಾನೆ ದೂರ ಮತ್ತು ಹತ್ತಾರು ಜನರಿಗೆ ಸೇರಿ ಒಂದೆರಡು. ಸ್ವಿಸ್ ಟೆಂಟ್ ಎಂದರೆ ಬಟ್ಟೆಯ ಗೋಡೆ, ಸಿಮೆಂಟಿನ ನೆಲ, ಹಿಂದೆ ಸ್ವಂತ ಬಚ್ಚಲು, ಚಳಿಗಾಲಕ್ಕೆ ಚೆನ್ನಾಗಿದೆ. ತ್ರಿಕೋನ ಮನೆ ಫೋಟೋಕ್ಕೆ ಸುಂದರ, ಒಳಗೆ ನಡು ಭಾಗದಲ್ಲಿ ಮಾತ್ರ ನೆಟ್ಟಗೆ ನಿಲ್ಲಬಹುದು. ಕಂಟೇನರ್ ಕೋಣೆಯಲ್ಲಿ ಎಸಿ ಇರುತ್ತದೆ, ಕರೆಂಟು ಹೋದರೆ ಒಲೆ. ಇಟ್ಟಿಗೆ ಗೋಡೆ, ಹಂಚಿನ ಮಾಡು, ಮುಂದೆ ಜಗಲಿ ಇರುವ ಹಳೇ ನಮೂನೆಯ ಕಾಟೇಜು ರೀಲಿಗೆ ಬರುವುದಿಲ್ಲ. ಹಿರಿಯರಿರುವ ಮನೆಗೆ ನನ್ನ ಮತ ಅದಕ್ಕೇ.

ಇನ್ನೊಂದು ದಾರಿ ಕೃಷಿ ಪರ್ಯಟನ ಕೇಂದ್ರ. ರೈತರೇ ತಮ್ಮ ಹೊಲದಲ್ಲಿ ಕೆಲವು ಕೋಣೆ ಕಟ್ಟಿ ನಡೆಸುವವು ಇವು. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಇದಕ್ಕೊಂದು ನೀತಿ ತಂದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಗೆ ಅವಕಾಶ ಮಾಡಿತು. ಈಜುಕೊಳ ಇರಲಿಕ್ಕಿಲ್ಲ, ಸೌದೆ ಒಲೆಯ ಮೇಲೆ ಬಡಿದ ಅಕ್ಕಿ ಭಾಕ್ರಿ, ಪಿಟ್ಲ, ಠೇಚಾ ಇರುತ್ತದೆ. ಭತ್ತದ ಗದ್ದೆ ನೋಡಿಯೇ ಇರದ ಮಕ್ಕಳಿಗೆ ನವೆಂಬರಿನ ಕೊಯಿಲು ಸಮಯ ಒಳ್ಳೆಯದು. ಊರಿಗೆ ಮೇ ತಿಂಗಳಲ್ಲಿ ಮಾತ್ರ ಹೋಗುವ ನಮ್ಮ ಮಕ್ಕಳು ಅಲ್ಲಿ ನೋಡುವುದು ಕೊಯ್ದು ಒಣಗಿದ ಗದ್ದೆಯನ್ನು.

ಹಂತ 5: ಫೋನ್ ಮಾಡಿ, ಬಿಡದೆ ಕೇಳಿ

ಆ್ಯಪ್‌ನಲ್ಲಿ ಒತ್ತಿ ಮುಗಿಸಬೇಡಿ. ಎರಡು-ಮೂರು ಜಾಗ ಆರಿಸಿಕೊಂಡು ಫೋನ್ ಮಾಡಿ, ಸಾಧ್ಯವಾದರೆ ಬುಕಿಂಗ್ ಏಜೆಂಟನ್ನು ದಾಟಿ ಅಲ್ಲೇ ಇರುವ ಮ್ಯಾನೇಜರ್ ಅಥವಾ ಉಸ್ತುವಾರಿ ನೋಡುವವನ ಜೊತೆ ಮಾತಾಡಿ. ಅಂಧೇರಿಯಲ್ಲಿ ಕೂತು ಬುಕಿಂಗ್ ಮಾಡುವವರು "ಯೆಸ್ ಸರ್, ಎಲ್ಲ ಇದೆ" ಎನ್ನುತ್ತಾರೆ. ಅಲ್ಲಿರುವ ಮನುಷ್ಯ ಮರಾಠಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಮರಾಠಿ ಚೆನ್ನಾಗಿ ಬರುವವರ ಕೈಗೆ ಫೋನ್ ಕೊಡಿ. "ಚೆನ್ನಾಗಿದೆಯಾ, ಸೇಫಾ" ಎಂದು ಕೇಳಿ ಪ್ರಯೋಜನವಿಲ್ಲ. ಹೌದು ಎಂಬ ಉತ್ತರ ತಾನಾಗಿ ಬರುವ ಪ್ರಶ್ನೆ ಬಿಟ್ಟು ಹೀಗೆ ಕೇಳಿ:

"ಸಂಡಾಸ್ ಆತ್ ಆಹೇ ಕೀ ಬಾಹೇರ್?" ಪಾಯಿಖಾನೆ ಒಳಗೋ ಹೊರಗೋ. ಹೊರಗೆ ಎಂದರೆ ಎಷ್ಟು ಹೆಜ್ಜೆ, ದಾರಿಯಲ್ಲಿ ದೀಪ ಇದೆಯೇ, ಎಷ್ಟು ಮಂದಿಗೆ ಒಂದು.

"ಗಾಡಿ ದಾರಾಪರ್ಯಂತ್ ಯೇತೆ ಕಾ?" ಗಾಡಿ ಬಾಗಿಲವರೆಗೆ ಬರುತ್ತದೆಯೇ. ಇಲ್ಲ ಎಂದರೆ ಎಷ್ಟು ನಡೆಯಬೇಕು, ಏರೋ ಇಳಿಜಾರೋ. ನಿಮ್ಮ ಕಾರಿನ ಹೆಸರು ಹೇಳಿ. "ಸ್ವಿಫ್ಟ್ ಬರುತ್ತದಾ" ಎಂದರೆ ನಿಜ ಹೊರಬೀಳುತ್ತದೆ.

ಬಿಸಿನೀರು ಎಷ್ಟರಿಂದ ಎಷ್ಟರವರೆಗೆ? ಸೋಲಾರೋ, ಕರೆಂಟಿನ ಗೀಸರೋ, ಗ್ಯಾಸ್ ಗೀಸರೋ? ಗ್ಯಾಸ್ ಗೀಸರ್ ಆದರೆ ಅದು ಬಚ್ಚಲಿನ ಒಳಗಿದೆಯೋ ಹೊರಗೋ? ಇದನ್ನು ಸುಮ್ಮನೆ ಬಿಡಬೇಡಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದಂತಾಗಿ ಮನುಷ್ಯ ಕುಸಿಯುತ್ತಾನೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟಿನಲ್ಲಿ ಕಿಟಕಿ ಮುಚ್ಚಿ ಗ್ಯಾಸ್ ಹೀಟರ್ ಹಾಕಿಕೊಂಡು ಮಲಗಿದ ಕೇರಳದ ಎಂಟು ಪ್ರವಾಸಿಗರು, ಮಕ್ಕಳೂ ಸೇರಿ, ಏಳಲೇ ಇಲ್ಲ. ಬಾರ್ಬೆಕ್ಯೂ ಮುಗಿದ ಮೇಲೆ ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಗೋ ಟೆಂಟಿಗೋ ಒಯ್ಯುವವರಿಗೂ ಅದೇ ಅಪಾಯ.

ಕರೆಂಟು ಹೋದರೆ ಏನು? ಜನರೇಟರ್ ಇದ್ದರೆ ಕೋಣೆಯ ಫ್ಯಾನಿಗೂ ಬರುತ್ತದೋ, ಅಂಗಳದ ದೀಪಕ್ಕೆ ಮಾತ್ರವೋ?

ಡಿಜೆ ಇದೆಯಾ, ಎಷ್ಟು ಗಂಟೆಗೆ ನಿಲ್ಲಿಸುತ್ತೀರಿ? ಹೊರಗೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಪವನಾ ದಡದ ಕೆಲವು ಕ್ಯಾಂಪುಗಳಲ್ಲಿ ಆ ನಿಯಮ ಹತ್ತು ಗಂಟೆಗೆ ಮಲಗಿಬಿಡುತ್ತದೆ. ಅದೇ ರಾತ್ರಿ ಬೇರೆ ಯಾವ ಗುಂಪು ಬುಕ್ ಆಗಿದೆ ಎಂದು ಕೇಳಿ. ಕಂಪನಿಯ ನಲವತ್ತು ಹುಡುಗರ ತಂಡ ಎಂದರೆ ಬೇರೆ ವಾರ ನೋಡಿ. "ಫ್ಯಾಮಿಲಿ ಓನ್ಲಿ" ಎಂದು ಕಟ್ಟುನಿಟ್ಟಾಗಿ ನಡೆಸುವವರೂ ಇದ್ದಾರೆ.

ಈಜುಕೊಳ ಎಷ್ಟು ಆಳ, ಚಿಕ್ಕ ಮಕ್ಕಳಿಗೆ ಬೇರೆ ಇದೆಯೇ, ಯಾರಾದರೂ ಕಾಯುತ್ತಾರೆಯೇ? ಪವನಾದಂಥ ಅಣೆಕಟ್ಟಿನ ನೀರಿಗೆ ಇಳಿಯುವ ಮಾತೇ ಬೇಡ. ದಡದಲ್ಲಿ ಸೊಂಟದ ಮಟ್ಟ ಇದ್ದದ್ದು ಮುಂದಿನ ಹೆಜ್ಜೆಗೆ ಆಳವಾಗುತ್ತದೆ, ಕೆಳಗೆ ಕೆಸರು.

ಕೊನೆಗೆ, ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು? ಉತ್ತರಕ್ಕೆ ತಡವರಿಸದವನ ಜಾಗಕ್ಕೆ ನನ್ನ ಲೆಕ್ಕದಲ್ಲಿ ಹೆಚ್ಚು ಅಂಕ. ಗದ್ದೆ, ಗುಡ್ಡದ ನಡುವಿನ ಜಾಗಗಳಲ್ಲಿ ಹಾವು, ಚೇಳು ಇರುವುದು ಸಹಜ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವೂ ಹೆಚ್ಚು ಇರುವುದಿಲ್ಲ. ಆದ್ದರಿಂದ ಮಕ್ಕಳಿಗೆ ನೆಲದ ಹಾಸಿಗೆ ಬೇಡ, ಮಂಚವೇ ಇರಲಿ ಎಂದು ಬುಕ್ ಮಾಡುವಾಗಲೇ ಹೇಳಿ. ಕೊಂಕಣದ ಕೆಂಪು ಚೇಳು ಒಂದು ಕಾಲಕ್ಕೆ ಮಕ್ಕಳ ಪ್ರಾಣ ತೆಗೆಯುತ್ತಿತ್ತು. ರಾಯಗಡ ಜಿಲ್ಲೆಯ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯಿಂದ ಅದಕ್ಕೆ ಚಿಕಿತ್ಸೆ ಕಂಡುಕೊಂಡರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಔಷಧ ಇದೆ, ಹೊತ್ತಿಗೆ ಸರಿಯಾಗಿ ತಲುಪಬೇಕು. ಕಚ್ಚಿದ ಜಾಗವನ್ನು ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಅಲುಗಾಡಿಸದೆ ಆಸ್ಪತ್ರೆಗೆ, 108ಕ್ಕೆ ಕರೆ.

ಹಂತ 6: ನಕ್ಷೆ ಮತ್ತು ನಕ್ಷತ್ರ

ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ತೆರೆದು ಜಾಗವನ್ನು ದೊಡ್ಡದು ಮಾಡಿ ನೋಡಿ. ನದಿ ಎಷ್ಟು ಹತ್ತಿರ, ಹಿಂದೆ ಕಡಿದಾದ ಗುಡ್ಡ ಇದೆಯೇ, ಪಕ್ಕದಲ್ಲಿ ಕೋಳಿ ಫಾರಂ ಇದೆಯೇ (ಗಾಳಿ ಬೀಸಿದಾಗ ಗೊತ್ತಾಗುತ್ತದೆ), ಡಾಂಬರು ಎಲ್ಲಿ ಮುಗಿಯುತ್ತದೆ. ವಿಮರ್ಶೆಗಳಲ್ಲಿ ಐದು ನಕ್ಷತ್ರದವನ್ನೂ ಒಂದರವನ್ನೂ ಬಿಟ್ಟು ಮೂರರವನ್ನು ಓದಿ. ಹೊಗಳಲೂ ತೆಗಳಲೂ ಯಾರೂ ಹೇಳಿಕೊಡದೆ ಬರೆದವರು ಹೆಚ್ಚಾಗಿ ಅಲ್ಲಿರುತ್ತಾರೆ. ಹಾಕಿದ ಫೋಟೋಗಳಲ್ಲಿ ಬಚ್ಚಲಿನದು ಇದೆಯೇ ಎಂದು ಹುಡುಕಿ. ಇವೆಲ್ಲಕ್ಕಿಂತ ನಂಬಬಹುದಾದದ್ದು ಹೋಗಿ ಬಂದವರ ಬಾಯಿ. ಕನ್ನಡ ಸಂಘದ ಕಾರ್ಯಕ್ರಮದಲ್ಲೋ ಮಕ್ಕಳ ಶಾಲೆಯ ಗೇಟಿನಲ್ಲೋ ಒಂದು ಮಾತು ಹಾಕಿ ನೋಡಿ.

ಹಂತ 7: ದುಡ್ಡಿನ ಲೆಕ್ಕ

ಇಲ್ಲಿ ದರ ಹೆಚ್ಚಾಗಿ ತಲೆ ಲೆಕ್ಕದಲ್ಲಿ. ಉದಾಹರಣೆಗೆ ಒಬ್ಬರಿಗೆ 2,000 ಎಂದರೆ ದೊಡ್ಡವರು ನಾಲ್ವರು, ಮಗು ಒಂದು, ಸುಮಾರು 9,000 ಎಂದು ನೀವು ಎಣಿಸುತ್ತೀರಿ. ಏಳು ವರ್ಷದ ಮಗುವಿಗೆ ಅರ್ಧವೋ ಪೂರ್ತಿಯೋ, ಡ್ರೈವರ್ ಊಟ-ಮಲಗುವ ಜಾಗ ಯಾರ ಲೆಕ್ಕ, ಮರುದಿನದ ಮಧ್ಯಾಹ್ನದ ಊಟ ಸೇರಿದೆಯೇ, ತೆರಿಗೆ ಒಳಗೋ ಹೊರಗೋ ಎಂದು ಕೇಳಿದ ಮೇಲೆ ನಿಜ ಅಂಕಿ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲೆ ಶೇ 18. ಇನ್ನೂ ಹಳೆಯ ಶೇ 12 ಎನ್ನುವವರಿದ್ದರೆ ಬಿಲ್ ಕೇಳಿ. ಶುಕ್ರವಾರ ರಾತ್ರಿ ಅಥವಾ ಭಾನುವಾರ ರಾತ್ರಿ ತಂಗಿದರೆ ಅದೇ ಕೋಣೆ ಕಡಿಮೆಗೆ ಸಿಗುತ್ತದೆ, ಸದ್ದೂ ಕಡಿಮೆ.

ಪೂರ್ತಿ ಹಣವನ್ನು ಯುಪಿಐಯಲ್ಲಿ ಮುಂಗಡ ಕೊಡಬೇಡಿ. ಸರ್ಕಾರಿ ರೆಸಾರ್ಟುಗಳ ಹೆಸರಲ್ಲಿ ನಕಲಿ ಪುಟಗಳೂ ಇರುವುದರಿಂದ ಎಂಟಿಡಿಸಿ, ಜಂಗಲ್ ಲಾಡ್ಜಸ್ ಎರಡನ್ನೂ ಅವರವರ ಸ್ವಂತ ತಾಣದಲ್ಲೇ ಬುಕ್ ಮಾಡಿ. ಖಾಸಗಿಯವರಿಗೆ ಸ್ವಲ್ಪ ಮುಂಗಡ ಕೊಟ್ಟು, ಮಳೆಯ ರೆಡ್ ಅಲರ್ಟ್ ಬಂದರೆ ದಿನ ಬದಲಿಸಿ ಕೊಡುತ್ತೀರಾ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಕೇಳಿದ ಉಳಿದವನ್ನೂ, ಒಳಗಿನ ಪಾಯಿಖಾನೆ, ಮಂಚ, ಎಂಟೂವರೆಗೆ ಊಟ, ಅದೇ ಸಂದೇಶದಲ್ಲಿ ಸೇರಿಸಿ.

ಹಂತ 8: ತಲುಪಿದ ಮೊದಲ ಅರ್ಧ ಗಂಟೆ

ಹಗಲು ಇರುವಾಗಲೇ ತಲುಪಿ. ಸಾಮಾನು ಇಳಿಸುವ ಮೊದಲು ಒಬ್ಬರು ಕೋಣೆಯೊಳಗೆ ಹೋಗಿ ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಕಿಟಕಿಯ ಜಾಲರಿ ಹರಿದಿದೆಯೇ, ಬಾಗಿಲಿನ ಕೆಳಗೆ ಎಷ್ಟು ಸಂದು ಇದೆ ನೋಡಿ. ಸಂದಿದ್ದರೆ ಹಳೇ ಟವೆಲ್ ಒತ್ತಿ. ಅದಕ್ಕೆಂದೇ ಒಂದನ್ನು ಮನೆಯಿಂದ ಒಯ್ಯಿರಿ. ಹಾಸಿಗೆಯನ್ನೂ ಹೊದಿಕೆಯನ್ನೂ ಕೊಡವಿ. ಚಪ್ಪಲಿ, ಶೂ ರಾತ್ರಿ ಹೊರಗೆ ಬಿಡಬೇಡಿ, ಬೆಳಗ್ಗೆ ಕೊಡವಿ ಹಾಕಿ. ಸೊಳ್ಳೆಬತ್ತಿ, ಎರಡು ಟಾರ್ಚ್, ಓಆರ್‌ಎಸ್, ಹಿರಿಯರ ಮಾತ್ರೆಗಳ ಎರಡು ದಿನದ ಹೆಚ್ಚುವರಿ, ಸ್ವಲ್ಪ ನಗದು, ಇವೂ ಮನೆಯಿಂದಲೇ ಬಂದಿರಲಿ. ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ.

ಹೇಳಿದ್ದಕ್ಕೂ ಇದ್ದದ್ದಕ್ಕೂ ತಾಳೆ ಬೀಳದಿದ್ದರೆ ವಾಟ್ಸ್‌ಆ್ಯಪ್ ಸಂದೇಶ ತೋರಿಸಿ ಆಗಲೇ ಬೇರೆ ಕೋಣೆ ಕೇಳಿ. ಸಂಜೆ ಏಳರ ಹೊತ್ತಿಗೆ ಬೇರೆ ಗಿರಾಕಿಗಳೂ ಬಂದು ಕೋಣೆಗಳೆಲ್ಲ ತುಂಬಿರುತ್ತವೆ. ಬಾಕಿ ಹಣವನ್ನು ಮರುದಿನ ಬೆಳಗ್ಗೆ ಕೊಡುತ್ತೇನೆ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬಿಸಿನೀರು ಬಂದಮೇಲೆ ಕೊಡಿ.